ಮ್ಯಾಕ್ಸ್ ಬಾರ್ನ್ ಹಾದಿಯಲ್ಲಿ: ಗಾಟಿಂಗೆನ್‌ನಿಂದ ಬಾಡ್ ಪಿರ್ಮಾಂಟ್‌ವರೆಗೆ

ಬುಧವಾರ, 2025ರ ಸೆಪ್ಟೆಂಬರ್ 24

ಜರ್ಮನಿ ನೋಡಲು ಬಂದವರು ಗಾಟಿಂಗೆನ್‌ನಲ್ಲಿ ಇಳಿಯುವುದು ಕಡಿಮೆ. ಇಲ್ಲಿ ರೈನ್ ನದಿಯಿಲ್ಲ, ಬೆಟ್ಟದ ತುದಿಯ ಅರಮನೆಯಿಲ್ಲ, ಬರ್ಲಿನ್ ಗೋಡೆಯ ಚೂರೂ ಇಲ್ಲ. ಇರುವುದು 1737ರಲ್ಲಿ ಆರಂಭವಾದ ಒಂದು ವಿಶ್ವವಿದ್ಯಾಲಯ, ಅದರ ಸುತ್ತ ಬೆಳೆದ ಊರು, ನಿಲ್ದಾಣದ ಮುಂದೆ ಕಣ್ಣು ಹಾಯುವಷ್ಟೂ ಸೈಕಲ್‌ಗಳು. ಫ್ರಾಂಕ್‌ಫರ್ಟ್‌ನಿಂದ ರೈಲು ಎರಡು ಗಂಟೆಯೊಳಗೆ ತಂದು ಬಿಟ್ಟಿತು.

ಧಾರವಾಡದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಕ್ವಾಂಟಮ್ ಮೆಕ್ಯಾನಿಕ್ಸ್, ಅಂದರೆ ಪರಮಾಣುವಿನೊಳಗಿನ ಲೋಕದ ಭೌತವಿಜ್ಞಾನ, ಪಾಠ ಮಾಡಿ ನಿವೃತ್ತನಾದವನು ನಾನು. ಹ್ಯಾನೋವರ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ನಾಲ್ಕು ದಿನ ರಜೆ ಹಾಕಿ ಜೊತೆಗೆ ಬಂದಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ಹೆಲ್ಗೊಲ್ಯಾಂಡ್. "ಮಾಮಾ, ಹೈಸನ್‌ಬರ್ಗ್‌ಗೆ ಕ್ವಾಂಟಮ್ ಹೊಳೆದದ್ದು ಆ ದ್ವೀಪದಲ್ಲಿ. ಈ ಜೂನ್‌ನಲ್ಲಿ ಪ್ರಪಂಚದ ಭೌತವಿಜ್ಞಾನಿಗಳೆಲ್ಲ ಅಲ್ಲಿಗೇ ಹೋಗಿ ನೂರನೇ ವರ್ಷ ಆಚರಿಸಿದರು. ನೀವು ನೋಡಿದರೆ ಈ ಊರು ಅನ್ನುತ್ತೀರಿ" ಎಂದು ಫೋನಿನಲ್ಲೇ ಗೊಣಗಿದ್ದ. ಹೊಳೆದದ್ದು ಅಲ್ಲಿ, ಸರಿ. ಹೊಳೆದದ್ದು ಏನು ಎಂದು ಅವನಿಗೇ ತಿಳಿಸಿಕೊಟ್ಟವರು ಇದ್ದದ್ದು ಇಲ್ಲಿ. ಅವರ ಹೆಸರು ಮ್ಯಾಕ್ಸ್ ಬಾರ್ನ್. ನಮ್ಮ ಪಠ್ಯಪುಸ್ತಕದಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ.

ಸಂಜೆ ಪೇಟೆ ಚೌಕಕ್ಕೆ ಹೋದೆವು. ಹಳೆಯ ಪುರಭವನದ ಎದುರು ಕಾರಂಜಿಯ ಮೇಲೆ ಹೆಬ್ಬಾತುಗಳನ್ನು ಹಿಡಿದ ಹುಡುಗಿಯ ಕಂಚಿನ ಪುತ್ಥಳಿ ಇದೆ. ಪಿಎಚ್.ಡಿ. ಮುಗಿಸಿದವರು ಕಾರಂಜಿ ಹತ್ತಿ ಅವಳ ಕೆನ್ನೆಗೆ ಮುತ್ತು ಕೊಡುವುದು ಸಂಪ್ರದಾಯ. ಅವಳ ಕೈತುಂಬ ಹೂಗುಚ್ಛಗಳಿದ್ದವು, ಕೆಲವು ಬಾಡಿ ಹೋಗಿದ್ದವು. ಊಟಕ್ಕೆ ಆಲೂಗಡ್ಡೆ, ಮತ್ತೆ ಆಲೂಗಡ್ಡೆ.

ಗುರುವಾರ

ಬೆಳಿಗ್ಗೆ ತುಂತುರು ಮಳೆ. ಹಳೆಯ ಊರನ್ನು ಸುತ್ತುವರಿದ ಕೋಟೆಯ ದಿಬ್ಬ ಈಗ ನಡೆದಾಡುವ ದಾರಿ. ಎರಡೂ ಬದಿ ಮರಗಳು, ಕಾಲಡಿ ಒದ್ದೆ ಎಲೆ. ಆ ದಾರಿಯ ಪಕ್ಕದಲ್ಲೇ ಗಣಿತಜ್ಞ ಗೌಸ್ ಮತ್ತು ಭೌತವಿಜ್ಞಾನಿ ವೆಬರ್ ಸ್ಮಾರಕ: ಗೌಸ್ ಕುಳಿತಿದ್ದಾರೆ, ವೆಬರ್ ನಿಂತಿದ್ದಾರೆ. 1833ರಲ್ಲಿ ಇವರಿಬ್ಬರೂ ಊರಿನ ಮಾಳಿಗೆಗಳ ಮೇಲೆ ತಂತಿ ಎಳೆದು ತಂತಿಸಂದೇಶ ಕಳಿಸಿಕೊಂಡರು. ಈ ಊರಿನ ಯಾವ ಬೀದಿಗೆ ಹೊರಳಿದರೂ ಮನೆಗಳ ಗೋಡೆಯ ಮೇಲೆ ಬಿಳಿ ಕಲ್ಲಿನ ಫಲಕಗಳು: ಇಂಥವರು ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಲ್ಲಿದ್ದರು. ಓದುತ್ತಾ ಹೋದರೆ ನಡೆಯುವುದು ಸಾಗುವುದಿಲ್ಲ.

ಬುನ್ಸೆನ್ ಬೀದಿಗೆ ಬಂದಾಗ ಮಳೆ ನಿಂತಿತ್ತು. ಗಣಿತ ಸಂಸ್ಥೆಯ ಕಟ್ಟಡ 1929ರದ್ದು, ರಾಕ್‌ಫೆಲ್ಲರ್ ಹಣದಲ್ಲಿ ಎದ್ದದ್ದು. ಅದರ ನೆರೆಯಲ್ಲೇ ಹಳೆಯ ಭೌತವಿಜ್ಞಾನ ಸಂಸ್ಥೆ. ವಿಭಾಗ ಈಗ ಊರಿನ ಉತ್ತರಕ್ಕೆ, ಹೊಸ ಕ್ಯಾಂಪಸ್ಸಿಗೆ ಸ್ಥಳಾಂತರವಾಗಿದೆ. ಆ ಕ್ಯಾಂಪಸ್ಸಿನ ಚೌಕಕ್ಕೆ ಫ್ರೀಡ್ರಿಖ್ ಹುಂಡ್ ಹೆಸರಿದೆ. ಹುಂಡ್ ಕೂಡ ಬಾರ್ನ್ ಕೈಕೆಳಗೆ ಪಳಗಿದವರೇ.

ಬಾರ್ನ್ ಹುಟ್ಟಿದ್ದು 1882ರಲ್ಲಿ, ಬ್ರೆಸ್ಲೌ ನಗರದಲ್ಲಿ. ಅದು ಈಗ ಪೋಲೆಂಡಿನ ವ್ರೊಟ್ಸ್ವಾಫ್. ತಂದೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ನಾಲ್ಕನೆಯ ವಯಸ್ಸಿಗೆ ತಾಯಿ ತೀರಿಹೋದರು. ಗಾಟಿಂಗೆನ್‌ಗೆ ವಿದ್ಯಾರ್ಥಿಯಾಗಿ ಬಂದು ಹಿಲ್ಬರ್ಟ್, ಮಿಂಕೋವ್‌ಸ್ಕಿ, ಕ್ಲೈನ್ ಅವರ ಬಳಿ ಗಣಿತ ಕಲಿತರು. ಮುಂದೆ ಬರ್ಲಿನ್‌ನಲ್ಲಿ ಐನ್‌ಸ್ಟೈನ್ ಗೆಳೆತನ, ಆಮೇಲೆ ಫ್ರಾಂಕ್‌ಫರ್ಟ್. ಫ್ರಾಂಕ್‌ಫರ್ಟಿನಲ್ಲಿ ಪ್ರಯೋಗಕ್ಕೆ ಕಾಸಿಲ್ಲದಾಗ ಸಾಪೇಕ್ಷತೆಯ ಬಗ್ಗೆ ಸಾರ್ವಜನಿಕ ಉಪನ್ಯಾಸ ಕೊಟ್ಟು, ಟಿಕೆಟ್ ಮಾರಿ, ಆ ಹಣವನ್ನು ಓಟೋ ಸ್ಟರ್ನ್ ಕೈಗಿತ್ತರು. ಮುಂದೆ ಪ್ರಸಿದ್ಧವಾದ ಸ್ಟರ್ನ್–ಗೆರ್ಲಾಕ್ ಪ್ರಯೋಗಕ್ಕೆ ಹೀಗೂ ದುಡ್ಡು ಒದಗಿತ್ತು. 1921ರಲ್ಲಿ ಗಾಟಿಂಗೆನ್ ಕರೆದಾಗ, ಪ್ರಯೋಗ ವಿಭಾಗಕ್ಕೆ ಗೆಳೆಯ ಜೇಮ್ಸ್ ಫ್ರಾಂಕ್ ಅವರನ್ನೂ ಕರೆಸಿಕೊಂಡೇ ಬಂದರು.

ಅಲ್ಲಿಂದ ಹನ್ನೆರಡು ವರ್ಷ ಈ ಬೀದಿಯಲ್ಲಿ ಓಡಾಡಿದವರ ಹೆಸರು ಹೇಳಿದರೆ ಹಾಜರಿ ಪುಸ್ತಕದಂತೆ ಕೇಳುತ್ತದೆ. ಸಹಾಯಕರಾಗಿ ಪೌಲಿ, ಹೈಸನ್‌ಬರ್ಗ್. ವಿದ್ಯಾರ್ಥಿಗಳಾಗಿ ಜೋರ್ಡಾನ್, ಓಪನ್‌ಹೈಮರ್, ಮರಿಯಾ ಗೋಪರ್ಟ್, ಡೆಲ್‌ಬ್ರುಕ್, ವೈಸ್‌ಕಾಫ್. ಓಪನ್‌ಹೈಮರ್‌ಗೆ ಸೆಮಿನಾರಿನಲ್ಲಿ ಯಾರು ಮಾತಾಡುತ್ತಿದ್ದರೂ ಬಾಯಿ ಹಾಕಿ, ಎದ್ದು ಹೋಗಿ ಸೀಮೆಸುಣ್ಣ ಹಿಡಿಯುವ ಚಾಳಿ. ಬಾರ್ನ್ ಮಾತಾಡುವಾಗಲೂ ಅದೇ. ಬೇಸತ್ತ ಉಳಿದವರು, ಮರಿಯಾ ಗೋಪರ್ಟ್ ಮುಂದಾಳತ್ವದಲ್ಲಿ, ಇದನ್ನು ನಿಲ್ಲಿಸದಿದ್ದರೆ ಸೆಮಿನಾರಿಗೆ ಬರುವುದಿಲ್ಲ ಎಂದು ಬರೆದು ಬಾರ್ನ್‌ಗೆ ಕೊಟ್ಟರು. ನಮ್ಮಲ್ಲಾದರೆ ಪ್ರಾಧ್ಯಾಪಕರು ಹುಡುಗನನ್ನು ಕರೆದು ನಾಲ್ಕು ಮಾತು ಬಿಗಿಯುತ್ತಿದ್ದರು. ಬಾರ್ನ್‌ಗೆ ಅಷ್ಟು ಧೈರ್ಯ ಸಾಲಲಿಲ್ಲ. ಆ ಕಾಗದವನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು, ಓಪನ್‌ಹೈಮರ್ ಕೋಣೆಗೆ ಬಂದಾಗ ಏನೋ ನೆಪ ಹೇಳಿ ಹೊರಗೆ ಹೋದರು. ಮರಳಿ ಬಂದಾಗ ಹುಡುಗನ ಮುಖ ಬಿಳಚಿಕೊಂಡಿತ್ತು. ಅಡ್ಡಬಾಯಿ ನಿಂತಿತು. ಈ ಕಥೆಯಲ್ಲಿ ಬಾರ್ನ್ ಸ್ವಭಾವ ಪೂರ್ತಿ ಇದೆ ಎಂದು ನನಗೆ ಅನ್ನಿಸುತ್ತದೆ. ಸಂಕೋಚದ ಮನುಷ್ಯ, ಎದುರುಬದುರು ನಿಲ್ಲಲಾರರು. ಆದರೆ ಆಗಬೇಕಾದ ಕೆಲಸ ಆಗಿರುತ್ತದೆ.

ಮಧ್ಯಾಹ್ನದ ಮೇಲೆ ಪೂರ್ವದ ಹೈನ್‌ಬರ್ಗ್ ಗುಡ್ಡ ಹತ್ತಿದೆವು. 1922ರ ಜೂನ್‌ನಲ್ಲಿ ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಇಲ್ಲಿ ಉಪನ್ಯಾಸ ಮಾಲೆ ಕೊಟ್ಟಾಗ, ಮ್ಯೂನಿಕ್‌ನಿಂದ ಬಂದಿದ್ದ ಇಪ್ಪತ್ತು ವರ್ಷದ ಹೈಸನ್‌ಬರ್ಗ್ ಎದ್ದು ಆಕ್ಷೇಪ ಎತ್ತಿದ. ಬೋರ್ ಅವನನ್ನು ಈ ಗುಡ್ಡಕ್ಕೇ ವಾಯುವಿಹಾರಕ್ಕೆ ಕರೆದೊಯ್ದರು. ಅಕ್ಕನ ಮಗನಿಗೆ ಕೊನೆಗೂ ತನ್ನ ಹೈಸನ್‌ಬರ್ಗ್ ಸಿಕ್ಕಿದ ಸಮಾಧಾನ. ಬೀಚ್ ಮರಗಳ ಕಾಡು ಚೆನ್ನಾಗಿದೆ, ಮೊಣಕಾಲಿಗೆ ಅಷ್ಟೇನೂ ಚೆನ್ನಾಗಿಲ್ಲ.

ಶುಕ್ರವಾರ

ನಗರದ ಸ್ಮಶಾನ ಪಶ್ಚಿಮಕ್ಕೆ, ಕಾಸೆಲ್ ರಸ್ತೆಯಲ್ಲಿದೆ. ನಮ್ಮ ಊರಿನವರು ಪ್ರವಾಸಕ್ಕೆ ಹೋಗಿ ಸ್ಮಶಾನ ನೋಡಿ ಬಂದೆ ಎಂದರೆ ಮೊದಲು ಸ್ನಾನ ಮಾಡು ಎನ್ನುತ್ತಾರೆ. ಇಲ್ಲಿ ಅದು ಉದ್ಯಾನವೇ. ಕೊಳ, ಬಾತುಗಳು, ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವ ತಾಯಂದಿರು. ಎಂಟು ಮಂದಿ ನೊಬೆಲ್ ಪುರಸ್ಕೃತರು ಇಲ್ಲಿ ಮಣ್ಣಾಗಿದ್ದಾರೆ. ಮ್ಯಾಕ್ಸ್ ಪ್ಲಾಂಕ್ ಕಲ್ಲಿನ ಮೇಲೆ ಹೆಸರು, ಕೆಳಗೆ ಅವರ ಸ್ಥಿರಾಂಕ: 6.62 × 10⁻²⁷ ಅರ್ಗ್-ಸೆಕೆಂಡ್. ಓಟೋ ಹಾನ್ ಕಲ್ಲಿನ ಮೇಲೆ ಯುರೇನಿಯಂ ಒಡೆಯುವ ಸಮೀಕರಣ. ಹಿಲ್ಬರ್ಟ್ ಕಲ್ಲಿನ ಮೇಲೆ ನಾವು ತಿಳಿಯಲೇಬೇಕು, ತಿಳಿದೇ ತಿಳಿಯುತ್ತೇವೆ ಎಂಬ ಅವರದೇ ಮಾತು. ಹುಟ್ಟು ಸಾವುಗಳ ತಾರೀಖಿನ ಜೊತೆ ಮನುಷ್ಯ ಏನು ಮಾಡಿದ ಎನ್ನುವುದನ್ನೂ ಒಂದೇ ಗೆರೆಯಲ್ಲಿ ಬರೆದಿಡುವ ಈ ಪದ್ಧತಿ ನನಗೆ ತುಂಬಾ ಹಿಡಿಸಿತು.

ಬಾರ್ನ್ ಕಲ್ಲಿನ ಮೇಲೂ ಅಂಥದೊಂದು ಗೆರೆ ಇದೆ. ಪಿ ಗುಣಿಸು ಕ್ಯೂ, ಅದರಿಂದ ಕ್ಯೂ ಗುಣಿಸು ಪಿ ಕಳೆದರೆ ಸೊನ್ನೆಯಲ್ಲ. ಎಚ್ ಭಾಗಿಸು ಎರಡು ಪೈ ಐ. ಪಿ ಎಂದರೆ ಕಣದ ಸಂವೇಗ, ಕ್ಯೂ ಎಂದರೆ ಅದರ ಸ್ಥಾನ, ಎಚ್ ಎಂದರೆ ಪ್ಲಾಂಕ್ ಕಲ್ಲಿನ ಮೇಲಿದ್ದ ಆ ಸ್ಥಿರಾಂಕ, ಐ ಎಂದರೆ ಮೈನಸ್ ಒಂದರ ವರ್ಗಮೂಲ.

"ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿ ಹನ್ನೆರಡು. ಕಳೆದರೆ ಸೊನ್ನೆ ತಾನೇ?" ಎಂದ ಅಕ್ಕನ ಮಗ. ಅವನು ಓದಿದ್ದು ವಾಣಿಜ್ಯ. ಅವನ ಮೊಬೈಲನ್ನೇ ಕೇಳಿ ತೆಗೆದುಕೊಂಡು ಬೆಂಚಿನ ಮೇಲೆ ಮಲಗಿಸಿದೆ. ಮೊದಲು ನನ್ನ ಕಡೆಗೆ ಎದ್ದು ನಿಲ್ಲುವಂತೆ ಕಾಲು ಸುತ್ತು, ಆಮೇಲೆ ಬೆಂಚಿನ ಮೇಲೆಯೇ ಬಲಕ್ಕೆ ಕಾಲು ಸುತ್ತು. ಈಗ ಪರದೆ ಒಂದು ದಿಕ್ಕಿಗೆ ನೋಡುತ್ತಿತ್ತು. ಮತ್ತೆ ಮಲಗಿಸಿ, ಮೊದಲು ಬಲಕ್ಕೆ ತಿರುಗಿಸಿ ಆಮೇಲೆ ನನ್ನ ಕಡೆಗೆ ಎಬ್ಬಿಸಿದೆ. ಪರದೆ ಇನ್ನೊಂದೇ ದಿಕ್ಕಿಗೆ. ತಾನೇ ಮಾಡಿ ನೋಡಿದ, ಮತ್ತೆ ಮಾಡಿ ನೋಡಿದ. ಕ್ರಮ ಬದಲಾದರೆ ಫಲ ಬದಲಾಗುವ ಗುಣಾಕಾರವೂ ಇದೆ ಎಂದು ಒಪ್ಪಿಕೊಂಡ. ಕೋಷ್ಟಕದಂತೆ ಸಾಲು ಸಾಲಾಗಿ ಸಂಖ್ಯೆ ಜೋಡಿಸಿದ ಮಾತೃಕೆಗಳ ಗುಣಾಕಾರ ಅಂಥದ್ದು.

1925ರಲ್ಲಿ ನಡೆದದ್ದು ಇದು. ಹೂವಿನ ಪರಾಗದಿಂದ ಮೂಗು ಮುಖ ಊದಿಕೊಂಡ ಹೈಸನ್‌ಬರ್ಗ್, ಬಾರ್ನ್ ಬಳಿ ರಜೆ ಕೇಳಿ, ಗಿಡಮರ ಕಡಿಮೆಯಿರುವ ಹೆಲ್ಗೊಲ್ಯಾಂಡ್‌ಗೆ ಹೋದ. ಪರಮಾಣುವಿನೊಳಗೆ ಕಾಣದ ಕಕ್ಷೆಗಳ ಮಾತನ್ನೇ ಬಿಟ್ಟು, ಕಾಣುವ ಬೆಳಕಿನ ಆವರ್ತನ ಮತ್ತು ತೀವ್ರತೆಗಳನ್ನಷ್ಟೇ ಹಿಡಿದು ಲೆಕ್ಕ ಹಾಕುವ ದಾರಿಯೊಂದು ಅಲ್ಲಿ ಹೊಳೆಯಿತು. ಆ ಲೆಕ್ಕದಲ್ಲಿ ಒಂದು ವಿಚಿತ್ರ ಗುಣಾಕಾರ ಬಂತು. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಜುಲೈನಲ್ಲಿ ಪ್ರಬಂಧವನ್ನು ಬಾರ್ನ್ ಕೈಗಿತ್ತು, ಪ್ರಕಟಣೆಗೆ ತಕ್ಕದ್ದೋ ಅಲ್ಲವೋ ನೀವೇ ನೋಡಿ ಎಂದು ಹೊರಟುಹೋದ. ಬಾರ್ನ್ ಪ್ರಕಟಣೆಗೆ ಕಳಿಸಿದರು, ಆದರೆ ಆ ಗುಣಾಕಾರ ತಲೆಯಿಂದ ಇಳಿಯಲಿಲ್ಲ. ಹಗಲು ರಾತ್ರಿ ಯೋಚಿಸಿದ ಮೇಲೆ ಒಂದು ಬೆಳಿಗ್ಗೆ ನೆನಪಾಯಿತು: ಇದು ಬ್ರೆಸ್ಲೌನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಲಿತ ಮಾತೃಕೆಗಳ ಗಣಿತವಲ್ಲವೇ! ಆ ಕಾಲದ ಭೌತವಿಜ್ಞಾನಿಗಳಲ್ಲಿ ಮಾತೃಕೆ ಬಲ್ಲವರು ಬೆರಳೆಣಿಕೆ. ಹೈಸನ್‌ಬರ್ಗ್ ಅವರಲ್ಲಿ ಒಬ್ಬನಲ್ಲ. ಬಾರ್ನ್ ಕುಳಿತು ಲೆಕ್ಕ ಮಾಡಿ, ಆ ಕಳೆಯುವಿಕೆಯಿಂದ ಬರುವ ಮಾತೃಕೆಯ ಕರ್ಣದ, ಅಂದರೆ ಮೂಲೆಯಿಂದ ಮೂಲೆಗೆ ಹೋಗುವ ಗೆರೆಯ, ಮೇಲಿನ ಸಂಖ್ಯೆಗಳೆಲ್ಲ ಒಂದೇ, ಎಚ್ ಭಾಗಿಸು ಎರಡು ಪೈ ಐ, ಎಂದು ಕಂಡುಕೊಂಡರು. ಉಳಿದ ಮನೆಗಳಲ್ಲಿ ಸೊನ್ನೆ ಇರಬೇಕು ಎಂದು ಊಹಿಸಿದರು. ಅದನ್ನು ಸಾಧಿಸಿ ತೋರಿಸಿದವನು ಇಪ್ಪತ್ತೆರಡು ವರ್ಷದ ಪಾಸ್ಕುವಲ್ ಜೋರ್ಡಾನ್.

ಸಮಾಧಿ ಕಲ್ಲಿನ ಮೇಲಿನ ಸಮೀಕರಣ ಹುಟ್ಟಿದ್ದು ಹೀಗೆ. ನಮ್ಮ ಅನೇಕ ಪಠ್ಯಗಳಲ್ಲಿ ಅದು ಹೈಸನ್‌ಬರ್ಗ್ ಹೆಸರಿನಲ್ಲೇ ಬರುತ್ತದೆ. ಅದನ್ನು ಕಂಡುಕೊಂಡ ಗಳಿಗೆಯ ರೋಮಾಂಚನವನ್ನು ತಾನು ಎಂದಿಗೂ ಮರೆಯಲಾರೆ ಎಂದು ಬಾರ್ನ್ ಮುಂದೆ ಹೇಳಿಕೊಂಡರು. ಅವರು ಹೀಗೆ ಹೇಳಿಕೊಂಡ ಸಂದರ್ಭಗಳು ಹೆಚ್ಚಿಲ್ಲ.

ಸಂಜೆ ಪುರಭವನದ ನೆಲಮಾಳಿಗೆಯ ಲ್ಯಾಟಿನ್ ಬರಹ ನೋಡಿದೆವು: ಗಾಟಿಂಗೆನ್‌ನ ಹೊರಗೆ ಬದುಕಿಲ್ಲ, ಇದ್ದರೂ ಇಂಥದ್ದಲ್ಲ. 1933ರ ಏಪ್ರಿಲ್ 25ರಂದು ಬಾರ್ನ್ ಹುದ್ದೆಯಿಂದ ಅಮಾನತಾದರು. ಯಹೂದಿ ಮೂಲ ಎಂಬುದೇ ಕಾರಣ. ಸುದ್ದಿ ಅವರಿಗೆ ಗೊತ್ತಾದದ್ದು ಪತ್ರಿಕೆಯಲ್ಲಿ ತಮ್ಮ ಹೆಸರು ಓದಿ. ಅದೇ ಪಟ್ಟಿಯಲ್ಲಿ ಗಣಿತಜ್ಞರಾದ ಕೂರಾಂಟ್, ಎಮ್ಮಿ ನೋಟರ್. ಫ್ರಾಂಕ್ ಅದಕ್ಕೂ ಮೊದಲೇ ಪ್ರತಿಭಟಿಸಿ ರಾಜೀನಾಮೆ ಕೊಟ್ಟಿದ್ದರು. ಯಹೂದಿಗಳು ಹೋದ ಮೇಲೆ ಗಾಟಿಂಗೆನ್ ಗಣಿತ ಹೇಗಿದೆ ಎಂದು ಮಂತ್ರಿ ಕೇಳಿದಾಗ, ಗಣಿತವೇ? ಅದು ಅಲ್ಲಿ ಈಗ ಇಲ್ಲವೇ ಇಲ್ಲ ಎಂದು ಮುದುಕ ಹಿಲ್ಬರ್ಟ್ ಅಂದದ್ದು ಇಲ್ಲಿ ಇವತ್ತಿಗೂ ಚಾಲ್ತಿಯಲ್ಲಿರುವ ಕಥೆ.

ಶನಿವಾರ

ಸೆಪ್ಟೆಂಬರ್ 27. ಬಾರ್ನ್ ಮತ್ತು ಜೋರ್ಡಾನ್ ಪ್ರಬಂಧ ಪತ್ರಿಕೆಯ ಕಚೇರಿಗೆ ತಲುಪಿದ್ದು 1925ರ ಇದೇ ದಿನ. ಊರಿನಲ್ಲಿ ಅದರ ಸದ್ದು ಸುದ್ದಿ ಏನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಸಂತೆ ಮಾತ್ರ ಜೋರಾಗಿತ್ತು.

ಹ್ಯಾನೋವರ್‌ಗೆ ವೇಗದ ರೈಲು ಬಿಟ್ಟು, ಊರೂರಿಗೆ ನಿಲ್ಲುವ ಪ್ರಾದೇಶಿಕ ರೈಲು ಹಿಡಿದೆವು. ಮಾಸಿಕ ಪಾಸಿಗೆ 2025ರಲ್ಲಿ 58 ಯೂರೋ ಇತ್ತು. ಅದು ವೇಗದ ರೈಲಿಗೆ ನಡೆಯುವುದಿಲ್ಲ. ನನಗೂ ನಿಧಾನವೇ ಬೇಕಿತ್ತು. 1925ರ ಜುಲೈನಲ್ಲಿ ಬಾರ್ನ್ ಭೌತವಿಜ್ಞಾನಿಗಳ ಸಭೆಗೆಂದು ಇದೇ ದಾರಿಯಲ್ಲಿ ಹ್ಯಾನೋವರ್‌ಗೆ ಹೋದರು. ರೈಲಿನಲ್ಲಿ ಪೌಲಿ ಸಿಕ್ಕಿದ. ಮಾತೃಕೆಯ ವಿಷಯ ಹೇಳಿ, ಜೊತೆಗೆ ಕೆಲಸ ಮಾಡೋಣವೇ ಎಂದು ಬಾರ್ನ್ ಕೇಳಿದರು. ಪೌಲಿಯ ನಾಲಿಗೆ ಎಲ್ಲರಿಗೂ ಗೊತ್ತಿದ್ದದ್ದೇ. ನಿಮ್ಮ ಕೆಲಸಕ್ಕೆ ಬಾರದ ಗಣಿತದಿಂದ ಹೈಸನ್‌ಬರ್ಗ್‌ನ ಭೌತ ಕಲ್ಪನೆಗಳನ್ನು ಕೆಡಿಸುತ್ತೀರಿ ಎಂದುಬಿಟ್ಟ. ಗುರುವಿಗೆ ಹಳೆಯ ಸಹಾಯಕ ಹೇಳಿದ ಮಾತು ಇದು! ಬಾರ್ನ್ ಸಿಟ್ಟಾಗಲಿಲ್ಲ, ಜೋರ್ಡಾನ್‌ನನ್ನು ಕೇಳಿದರು.

ಆಲ್‌ಫೆಲ್ಡ್ ಬಂದಾಗ ಕಿಟಕಿಯಾಚೆ ಹಳಿಯ ಪಕ್ಕದಲ್ಲೇ ಫಾಗುಸ್ ಕಾರ್ಖಾನೆ ಕಂಡಿತು. ಬೂಟಿನ ಅಚ್ಚು ಮಾಡುವ ಕಾರ್ಖಾನೆಗೆ 1911ರಲ್ಲಿ ವಾಲ್ಟರ್ ಗ್ರೋಪಿಯಸ್ ಗಾಜಿನ ಗೋಡೆ ಕಟ್ಟಿದರು. ಕಟ್ಟಡದ ಮೂಲೆಯಲ್ಲಿ ಕಂಬವೇ ಇಲ್ಲ, ಗಾಜಿಗೆ ಗಾಜು ಸೇರುತ್ತದೆ. ಈ ಬಗೆಯ ಹೊಸ ವಾಸ್ತುಶಿಲ್ಪ ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದದ್ದು ಬಾರ್ನ್ ಅವರ ತಂಗಿಯ ಮಗನಿಂದ. ಓಟೋ ಕ್ಯೋನಿಗ್ಸ್‌ಬರ್ಗರ್ ಬರ್ಲಿನ್‌ನಿಂದ ಹೊರಬಿದ್ದು, ಈಜಿಪ್ಟ್‌ನಲ್ಲಿ ಕೆಲವು ಕಾಲ ಇದ್ದು, 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರ ಕಟ್ಟಡಗಳಿವೆ.

ಆ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಮಾವನೂ ಬಂದಿದ್ದರು. ಜರ್ಮನಿ ಬಿಟ್ಟು ಕೇಂಬ್ರಿಡ್ಜ್‌ನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದ ಬಾರ್ನ್‌ರನ್ನು ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಕರೆಸಿಕೊಂಡರು. 1935–36ರ ಚಳಿಗಾಲದಲ್ಲಿ ಬಾರ್ನ್ ಮತ್ತು ಹೆಂಡತಿ ಹೆಡ್ವಿಗ್ ಬೆಂಗಳೂರಿನಲ್ಲಿದ್ದರು. ಅಲ್ಲೇ ಭೌತವಿಜ್ಞಾನಿ ನಾಗೇಂದ್ರನಾಥರ ಜೊತೆ ಪ್ರಬಂಧ ಬರೆದರು. ರಾಮನ್‌ಗೆ ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಿಕೊಳ್ಳುವ ಆಸೆ. ಅದಕ್ಕೆ ಕರೆದ ಸಭೆಯಲ್ಲಿ ಬಾರ್ನ್ ಎದುರಿಗೇ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದರು. ಬಾರ್ನ್ ಮನೆಗೆ ಹೋಗಿ ಹೆಂಡತಿಯೆದುರು ಅತ್ತುಬಿಟ್ಟರು. ಪ್ರಸ್ತಾಪ ಬಿದ್ದುಹೋಯಿತು. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಕರೆಯಿತು, ಹದಿನೇಳು ವರ್ಷ ಅಲ್ಲಿಯೇ ಉಳಿದರು. ಮರುವರ್ಷ ರಾಮನ್ ಅವರ ನಿರ್ದೇಶಕ ಹುದ್ದೆಯೂ ಹೋಯಿತು. ಬೆಂಗಳೂರಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ. ಒಂದು ತಮಾಷೆ: ಮುಂದೆ ಹರಳುಗಳೊಳಗಿನ ಪರಮಾಣುಗಳ ಕಂಪನದ ವಿಷಯದಲ್ಲಿ ರಾಮನ್ ಮತ್ತು ಬಾರ್ನ್ ನಡುವೆಯೇ ವರ್ಷಗಟ್ಟಲೆ ಜಗಳ ನಡೆಯಿತು. ಅದರಲ್ಲಿ ನಮ್ಮ ರಾಮನ್ ಗೆಲ್ಲಲಿಲ್ಲ.

ಭಾನುವಾರ

ಹ್ಯಾನೋವರ್‌ನಿಂದ ಹಾಮೆಲ್ನ್ ಮೇಲೆ ಬಾಡ್ ಪಿರ್ಮಾಂಟ್‌ಗೆ ಒಂದು ಗಂಟೆಯ ದಾರಿ. ಹಾಮೆಲ್ನ್ ಇಲಿಗಳ ಕಿಂದರಿಜೋಗಿಯ ಊರು. ನಾವು ಇಳಿಯಲಿಲ್ಲ.

ಪಿರ್ಮಾಂಟ್ ಖನಿಜದ ನೀರಿನ ಊರು. ಬಿಳಿ ಕಟ್ಟಡಗಳು, ಉದ್ಯಾನದಲ್ಲಿ ತಾಳೆಮರಗಳು, ಕೋಲೂರಿ ನಡೆಯುವ ವೃದ್ಧ ದಂಪತಿಗಳು. ಎಲ್ಲರೂ ಲೋಟ ಹಿಡಿದಿದ್ದಾರೆ. ನಾವೂ ಕುಡಿದೆವು, ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ. ಅಕ್ಕನ ಮಗ ಮುಖ ಕಿವಿಚಿ ಉಳಿದದ್ದನ್ನು ಗಿಡಕ್ಕೆ ಹಾಕಿದ.

ಎಡಿನ್‌ಬರೋದಿಂದ ನಿವೃತ್ತರಾದ ಮೇಲೆ ಬಾರ್ನ್ ದಂಪತಿ ಈ ಊರಿಗೆ ಬಂದು ನೆಲೆಸಿದರು. ಬ್ರಿಟನ್ನಿನ ಪಿಂಚಣಿ ಸಾಲುತ್ತಿರಲಿಲ್ಲ; ಕಳೆದುಕೊಂಡ ಹುದ್ದೆಗೆ ಜರ್ಮನಿ ಪರಿಹಾರ ಕೊಡುತ್ತಿತ್ತು. ಹೆಡ್ವಿಗ್ ಕ್ವೇಕರ್ ಪಂಥ ಸೇರಿದ್ದರು, ಆ ಪಂಥದವರ ಸಭಾಗೃಹವೂ ಇಲ್ಲಿದೆ. ನಮ್ಮ ಬಂಧುಗಳನ್ನು ಸಾಮೂಹಿಕವಾಗಿ ಕೊಂದವರ ನಾಡಿಗೆ ಮರಳುತ್ತಿದ್ದೀರಲ್ಲ ಎಂದು ಐನ್‌ಸ್ಟೈನ್ ಕಾಗದದಲ್ಲಿ ಚುಚ್ಚಿದರು. ಬಾರ್ನ್ ಉತ್ತರಿಸಿದರು, ಗೆಳೆತನ ಮುರಿಯಲಿಲ್ಲ. ಅವರಿಬ್ಬರ ಗೆಳೆತನ ಅದಕ್ಕಿಂತ ದೊಡ್ಡ ಜಗಳವನ್ನೇ ತಾಳಿಕೊಂಡಿತ್ತು.

ಆ ಜಗಳದ ಬೀಜ 1926ರ ಜೂನ್‌ನಲ್ಲಿ ಬಾರ್ನ್ ಬರೆದ ಪುಟ್ಟ ಪ್ರಬಂಧ. ಆಸ್ಟ್ರಿಯಾದ ಭೌತವಿಜ್ಞಾನಿ ಶ್ರೋಡಿಂಗರ್ ತನ್ನ ತರಂಗ ಸಮೀಕರಣ ಕೊಟ್ಟಿದ್ದರು, ಆದರೆ ಅಲೆಯುತ್ತಿರುವುದು ಏನು? ಎಲೆಕ್ಟ್ರಾನೇ ಅಲೆಯಾಗಿ ಹರಡಿಕೊಂಡಿದೆ ಎಂದು ಶ್ರೋಡಿಂಗರ್. ಪಕ್ಕದ ಕೋಣೆಯಲ್ಲಿ ಫ್ರಾಂಕ್ ದಿನವೂ ಎಲೆಕ್ಟ್ರಾನುಗಳನ್ನು ಪರಮಾಣುಗಳಿಗೆ ಡಿಕ್ಕಿ ಹೊಡೆಸುವುದನ್ನು ನೋಡುತ್ತಿದ್ದ ಬಾರ್ನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಎಲೆಕ್ಟ್ರಾನು ಕಣವಾಗಿಯೇ ಬಂದು ಬೀಳುತ್ತದೆ. ಅಲೆಯುವುದು ಅದು ಎಲ್ಲಿ ಸಿಕ್ಕೀತು ಎಂಬ ಸಂಭವನೀಯತೆ ಎಂದು ಅವರು ಬರೆದರು. ಸಂಭವನೀಯತೆ ತರಂಗ ಫಲನವೇ (ಸಮೀಕರಣ ಕೊಡುವ ಅಲೆಯ ಅಳತೆಯೇ) ಅಲ್ಲ, ಅದರ ವರ್ಗ ಎಂಬ ಮಾತು ಬಂದದ್ದು ಕರಡು ತಿದ್ದುವಾಗ ಸೇರಿಸಿದ ಅಡಿಟಿಪ್ಪಣಿಯಲ್ಲಿ. ಇವತ್ತು ಯಾವ ಪ್ರಯೋಗಾಲಯದಲ್ಲಿ ಯಾವ ಕ್ವಾಂಟಮ್ ಲೆಕ್ಕ ಮಾಡಿದರೂ ಕೊನೆಯ ಹೆಜ್ಜೆ ಈ ಅಡಿಟಿಪ್ಪಣಿಯೇ. ಅದೇ ಡಿಸೆಂಬರ್‌ನಲ್ಲಿ ಐನ್‌ಸ್ಟೈನ್ ಬಾರ್ನ್‌ಗೆ ಬರೆದ ಕಾಗದದಲ್ಲಿ ದೇವರು ದಾಳ ಎಸೆಯುವುದಿಲ್ಲ ಎಂಬ ಮಾತಿದೆ. ಕಾಗದ ಲೋಕಪ್ರಸಿದ್ಧ, ಅದು ಯಾರ ವಿಳಾಸಕ್ಕೆ ಬಂತು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ.

1933ರಲ್ಲಿ ಘೋಷಿಸಿದ 1932ರ ನೊಬೆಲ್ ಹೈಸನ್‌ಬರ್ಗ್ ಒಬ್ಬರಿಗೇ ಹೋಯಿತು. ಮೂವರ ಕೆಲಸಕ್ಕೆ ನಾನೊಬ್ಬನೇ ಬಹುಮಾನ ಪಡೆಯುತ್ತಿರುವುದು ಮನಸ್ಸಿಗೆ ಕಸಿವಿಸಿ ಎಂದು ಅವರೇ ಬಾರ್ನ್‌ಗೆ ಬರೆದರು. ಆಗ ಬಾರ್ನ್ ದೇಶಭ್ರಷ್ಟರು. ಜೋರ್ಡಾನ್ 1933ರಲ್ಲೇ ನಾಜಿ ಪಕ್ಷ ಸೇರಿದ್ದರು, ಅವರ ಜೊತೆ ಹೆಸರು ಹಂಚಿಕೊಂಡದ್ದೇ ಬಾರ್ನ್‌ಗೆ ಮುಳುವಾಯಿತು ಎನ್ನುವವರಿದ್ದಾರೆ. ಕೊನೆಗೆ 1954ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ವಾಲ್ಟರ್ ಬೋಟೆ ಜೊತೆ ಹಂಚಿಕೊಂಡ ನೊಬೆಲ್ ಬಂತು. ವಿಚಿತ್ರವಾಗಿ ತಡವಾಯಿತು ಎಂದು ಬರೆದು ಸಂತೋಷಪಟ್ಟವರು ಅದೇ ಐನ್‌ಸ್ಟೈನ್. ದಾಳದ ವಿಷಯದಲ್ಲಿ ಮಾತ್ರ ಅವರು ಕೊನೆಯವರೆಗೂ ಸೋಲೊಪ್ಪಲಿಲ್ಲ.

ಬಾರ್ನ್ ಆ ಬಹುಮಾನದ ಹೆಸರನ್ನು ಪಿರ್ಮಾಂಟ್‌ನಲ್ಲಿ ಕುಳಿತು ಖರ್ಚು ಮಾಡಿದ್ದು ಅಣುಬಾಂಬಿನ ವಿರುದ್ಧ. 1955ರ ರಸೆಲ್–ಐನ್‌ಸ್ಟೈನ್ ಹೇಳಿಕೆಗೆ ಸಹಿ ಹಾಕಿದರು. 1957ರ ಏಪ್ರಿಲ್‌ನಲ್ಲಿ, ಜರ್ಮನಿಯ ಸೇನೆಗೆ ಅಣ್ವಸ್ತ್ರ ಬೇಡ ಎಂದು ಹದಿನೆಂಟು ವಿಜ್ಞಾನಿಗಳು ಹೊರಡಿಸಿದ ಗಾಟಿಂಗೆನ್ ಘೋಷಣೆಯಲ್ಲಿ ಹಾನ್, ಹೈಸನ್‌ಬರ್ಗ್, ಲೌಎ ಜೊತೆ ಅವರ ಹೆಸರೂ ಇದೆ. ಯುದ್ಧದಲ್ಲಿ ಅವರು ಬಾಂಬಿನ ಕೆಲಸ ಮಾಡಲಿಲ್ಲ. ಶಿಷ್ಯ ಓಪನ್‌ಹೈಮರ್ ಬಾಂಬು ಮಾಡಿದ; ಎಡಿನ್‌ಬರೋದಲ್ಲಿ ಜೊತೆಗಿದ್ದ ಕ್ಲೌಸ್ ಫುಕ್ಸ್ ಅದರ ಗುಟ್ಟನ್ನು ರಷ್ಯಾಕ್ಕೆ ಕೊಟ್ಟ. ಇಷ್ಟು ಜಾಣ ಶಿಷ್ಯರು ಸಿಕ್ಕಿದ್ದು ಸಂತೋಷವೇ, ಜಾಣತನ ಸ್ವಲ್ಪ ಕಡಿಮೆಯಿದ್ದು ವಿವೇಕ ಹೆಚ್ಚಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತು ಬಾರ್ನ್ ಆಡಿದ್ದಾರೆ. 1970ರ ಜನವರಿ 5ರಂದು ಅವರು ಗಾಟಿಂಗೆನ್‌ನಲ್ಲಿ ತೀರಿಕೊಂಡರು.

ಅವರಿದ್ದ ಮನೆಯನ್ನು ಹುಡುಕಲು ಹೋಗಲಿಲ್ಲ. ಯಾರದೋ ಅಂಗಳದಲ್ಲಿ ನಿಂತು ಇಣುಕುವುದು ಸರಿ ಕಾಣಲಿಲ್ಲ. ಕಾಫಿ ಕುಡಿದು ಸಂಜೆಯ ರೈಲು ಹತ್ತಿದೆವು. ಅಕ್ಕನ ಮಗ ಮೊಬೈಲ್ ತಿರುವುತ್ತಿದ್ದವನು ಸಟ್ಟನೆ ಎದ್ದು ಕುಳಿತ. "ಮಾಮಾ, ಹಾಡುಗಾರ್ತಿ ಒ‌ಲಿವಿಯಾ ನ್ಯೂಟನ್-ಜಾನ್ ಇವರ ಮೊಮ್ಮಗಳಂತೆ! ಮಗಳು ಐರೀನ್ ಅವರ ಮಗಳು. ಇದನ್ನು ಮೊದಲ ದಿನವೇ ಹೇಳಬಾರದಿತ್ತೇ?" ಎಂದು, ಹೆಂಡತಿಗೆ ತಿಳಿಸಲು ಫೋನ್ ಹಚ್ಚಿದ. ಹಾಮೆಲ್ನ್ ದಾಟಿದರೂ ಅವರ ಮಾತು ಮುಗಿದಿರಲಿಲ್ಲ.